ಮೇಮ್‌ಸಾಹೇಬಳ ಹಣೆಗೆ ಕುಂಕುಮ

ಅಕ್ಕಿ ಡಬ್ಬಿಗೆ ಕೈ ಹಾಕಿದರೆ ಒಂದು ಬಿಳಿ ಹೆಂಗಸಿನ ಮುಖ ಕೈಗೆ ಬಂತು. ತುಟಿಗೆ ಕೆಂಪು, ಕೊರಳಿಗೆ ಮುತ್ತಿನ ಸರ, ಗುಂಗುರು ಕೂದಲು, ಕೆನ್ನೆಯ ಮೇಲೊಂದು ಗೀರು, ಬರಿ ಹಣೆ. ಬೆಣ್ಣೆ ಕಾಗದದಲ್ಲಿ ಸುತ್ತಿ ಅಕ್ಕಿಯೊಳಗೆ ಹೂತಿಟ್ಟಿದ್ದ ಸಣ್ಣ ಚಿತ್ರದ ಚೀಟಿ. ಬ್ಯಾಂಕಿನಿಂದ ಊರ ಹೊರಗಿನ ಪೆಂದುರ್ತಿಯ ನಮ್ಮ ಮನೆಯವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಕಾಲು ಸೇದುತ್ತಿತ್ತು, ಹೊಟ್ಟೆ ಹಸಿದಿತ್ತು, ಅನ್ನಕ್ಕಿಡೋಣ ಎಂದರೆ ಇದು! ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು.

"ಏನ್ರೀ ಇದು? ಅಕ್ಕಿ ಡಬ್ಬಿಯೊಳಗ ಯಾರ ಈಕಿ?" ಎಂದು ಅಡುಗೆಮನೆಯಿಂದಲೇ ಕೂಗಿದೆ.

ಹೊರಗಿನ ಕೋಣೆಯಿಂದ ನನ್ನ ಗಂಡ ಎದ್ದೂ ಬರಲಿಲ್ಲ. "ಅಲ್ಲೇ ಇರ್ಲಿ ಬಿಡ. ತಗೀಬ್ಯಾಡ. ಈ ಹವಾಕ್ಕ ಮುರುಟ್ತದ ಅದು."

ಹವಾ ಎಂದರೆ ವಿಶಾಖಪಟ್ಟಣದ ಸಮುದ್ರದ ಹವಾ. ಉಪ್ಪು ನೀರಾಗುತ್ತಿತ್ತು, ಹಪ್ಪಳ ಮೆತ್ತಗಾಗುತ್ತಿತ್ತು, ಬೆಂಕಿಪೊಟ್ಟಣ ಗೀಚಿದರೆ ಹತ್ತುತ್ತಿರಲಿಲ್ಲ. ಕಾಗದ ಒಣಗಿರಬೇಕಾದರೆ ಅಕ್ಕಿಯೇ ಗತಿ ಎಂದು ಅವರು ಕಂಡುಕೊಂಡಿದ್ದರು. ಅವತ್ತು ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆಮೇಲೆ ಅವಳನ್ನೂ ಕೆಳಗೆ ಹೂತಿದ್ದ ಉಳಿದ ಚೀಟಿಗಳನ್ನೂ ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಪಕ್ಕದಿಂದ ಅಕ್ಕಿ ತೆಗೆದು ಅನ್ನ ಮಾಡಿದೆ. ಬೇರೇನು ಮಾಡುವುದು? ಅವರು ಎಷ್ಟೋ ದಿನಗಳ ನಂತರ ಒಂದು ಕೆಲಸ ಹಿಡಿದಿದ್ದರು.

ನಾವು ಧಾರವಾಡದ ಕಡೆಯವರು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನನಗೆ ಬ್ಯಾಂಕಿನಲ್ಲಿ ನೌಕರಿ. ಅವರಿಗೆ ಹುಬ್ಬಳ್ಳಿಯ ಒಂದು ಫೋಟೋ ಸ್ಟುಡಿಯೋದಲ್ಲಿ ರೀಟಚ್ ಮಾಡುವ ಕೆಲಸ. ಕಪ್ಪು-ಬಿಳುಪಿನ ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಚೂಪಾದ ಪೆನ್ಸಿಲ್ಲಿನಿಂದ ಚುಕ್ಕೆ ಚುಕ್ಕೆ ಇಟ್ಟು ಮದುಮಗಳ ಮುಖದ ಸಿಡುಬಿನ ಕಲೆ ಅಳಿಸುತ್ತಿದ್ದರು, ಮುಚ್ಚಿದ ಕಣ್ಣು ತೆರೆಸುತ್ತಿದ್ದರು, ಸತ್ತವರ ಕೂದಲು ಬಾಚುತ್ತಿದ್ದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಅವರ ಕೈಯ ಚುಕ್ಕೆಗಳಿದ್ದವು. ಆಮೇಲೆ ಕಲರ್ ಲ್ಯಾಬ್ ಬಂದವು. "ಇನ್ನ ಮ್ಯಾಲೆ ಎಲ್ಲಾ ಮಷೀನ ಮಾಡ್ತದ" ಎಂದು ಮಾಲೀಕ ಹೇಳಿದ. ಅದೇ ಹೊತ್ತಿಗೆ ನನಗೆ ವಿಶಾಖಪಟ್ಟಣಕ್ಕೆ ವರ್ಗ. ಗಂಟುಮೂಟೆ ಕಟ್ಟಿಕೊಂಡು ಅವರೂ ನನ್ನ ಹಿಂದೆ ಬಂದರು.

ಬಂದ ಮೇಲೆ ಅವರಿಗೆ ಏನೂ ಸಿಗಲಿಲ್ಲ. ಇಲ್ಲಿಯ ಸ್ಟುಡಿಯೋಗಳಲ್ಲೂ ಮಷೀನೇ. ಮನೆಯಲ್ಲಿ ಕೂತು ಬೇಳೆ ಆರಿಸಿದರು, ಕಿಟಕಿ ಒರೆಸಿದರು, ನನಗೆ ಡಬ್ಬಿ ಕಟ್ಟಿಕೊಟ್ಟರು. ಪಕ್ಕದ ಮನೆಯಾಕೆ ನನ್ನನ್ನು ಹಿಡಿದು ನಿಲ್ಲಿಸಿ "ಮೀ ಆಯನ ಏಂ ಚೇಸ್ತಾರಂಡಿ?" ಎಂದು ಕೇಳುತ್ತಿದ್ದಳು. ನಿಮ್ಮ ಯಜಮಾನರು ಏನು ಮಾಡುತ್ತಾರೆ ಅಂತ. ನಾನು ಒಂದು ದಿನ ಫೋಟೋ ಕೆಲಸ ಎನ್ನುತ್ತಿದ್ದೆ, ಇನ್ನೊಂದು ದಿನ ಬಿಸಿನೆಸ್ ಎನ್ನುತ್ತಿದ್ದೆ. ಒಳಗೆ ಕೂತು ಅವರು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಗಡ್ಡ ಬಿಟ್ಟರು. ಮಾತು ಕಡಿಮೆಯಾಯಿತು. ಮನುಷ್ಯ ನನ್ನ ಕಣ್ಣೆದುರಿಗೇ ಸವೆಯುತ್ತಿದ್ದ, ನನಗೆ ಹಗಲೆಲ್ಲ ಕೌಂಟರಿನಲ್ಲಿ ಕೂತು ಬಂದ ಮೇಲೆ ಅದನ್ನು ನೋಡುವ ಶಕ್ತಿಯೂ ಉಳಿಯುತ್ತಿರಲಿಲ್ಲ.

ಆಗ ಬ್ಯಾಂಕಿನಲ್ಲಿ ಅಂಚೆಚೀಟಿ ಕೂಡಿಹಾಕುವ ಹುಚ್ಚಿದ್ದ ಒಬ್ಬ ಸಹೋದ್ಯೋಗಿ ವಿಜಯವಾಡದ ವ್ಯಾಪಾರಿಯೊಬ್ಬರ ವಿಷಯ ಹೇಳಿದರು. ಹಳೆಯ ನಾಣ್ಯ, ಅಂಚೆಚೀಟಿ, ಚಿತ್ರದ ಚೀಟಿಗಳ ವ್ಯಾಪಾರ ಅವರದು. ಬ್ರಿಟಿಷರ ಕಾಲದಲ್ಲಿ ಸಿಗರೇಟು ಪೊಟ್ಟಣದೊಳಗೆ ಒಂದೊಂದು ಚಿತ್ರದ ಚೀಟಿ ಬರುತ್ತಿತ್ತಂತೆ. ಹಡಗು, ಹಕ್ಕಿ, ಪರದೇಶದ ನಟಿಯರು. ಆಗಿನ ಹುಡುಗರು ಅದನ್ನು ಕೂಡಿಹಾಕಿ, ತಮ್ಮಲ್ಲಿ ಎರಡಿದ್ದರೆ ಒಂದನ್ನು ಕೊಟ್ಟು ಇಲ್ಲದ್ದನ್ನು ತೆಗೆದುಕೊಳ್ಳುತ್ತಿದ್ದರು. ಹಾಗೆ ಕೈ ಬದಲಿಸಿ ಬದಲಿಸಿ ಮೈತುಂಬ ಗೀರು. ವ್ಯಾಪಾರಿ ಅವನ್ನು ಭೂತಗನ್ನಡಿಯಲ್ಲಿ ನೋಡಿ ಮೂರು ದರ್ಜೆ ಮಾಡುತ್ತಿದ್ದರು. ಗೀರು ಕಾಣದಂತೆ ಆದರೆ ಮೂರನೆಯದು ಎರಡನೆಯದಾಗುತ್ತದೆ, ಎರಡನೆಯದು ಮೊದಲನೆಯದಾಗುತ್ತದೆ. ಕದ್ದುಮುಚ್ಚಿ ಅಲ್ಲ, ರಿಪೇರಿ ಆದದ್ದು ಎಂದು ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಬರೆದೇ ಮಾರುತ್ತಿದ್ದರು. ಅಂಥ ಕೈ ಇರುವವರನ್ನು ಅವರು ಹುಡುಕುತ್ತಿದ್ದರು.

ನನ್ನ ಗಂಡ ಹೋಗಿ ಬಂದರು. ಬರುವಾಗ ಒಂದು ತಗಡಿನ ಡಬ್ಬಿಯಲ್ಲಿ ನಟಿಯರ ಒಂದು ಪೂರ್ತಿ ಕಟ್ಟು ಇತ್ತು. ದಸರೆ ಮುಗಿದ ಮೇಲೆ ತೋರಿಸಬೇಕು. ಮದ್ರಾಸಿನಲ್ಲಿ ಒಬ್ಬರು ಆ ಕಟ್ಟಿಗಾಗಿ ಕಾಯುತ್ತಿದ್ದಾರೆ. ಮೊದಲ ದರ್ಜೆಗೆ ಬಂದರೆ ವರ್ಷವಿಡೀ ಕೆಲಸ ಕೊಡುತ್ತೇನೆ ಎಂದಿದ್ದರಂತೆ ವ್ಯಾಪಾರಿ. ನನ್ನ ಗಂಡ ಅದನ್ನೇ ಎರಡು ಸಲ ಹೇಳಿದರು. ನಾನು ತಲೆಯಾಡಿಸಿ ಪಾತ್ರೆ ತಿಕ್ಕಲು ಹೋದೆ. ಆಸೆ ಇಟ್ಟುಕೊಳ್ಳಲೂ ಬೇಸರವಾಗುವಂಥ ದಿನಗಳು ಅವು.

ಮರುದಿನದಿಂದ ಊಟದ ಮೇಜು ಅವರ ಕೆಲಸಕ್ಕೆ ಹೋಗಿ ನಮ್ಮ ಕೈಬಿಟ್ಟಿತು. ನಾವು ನೆಲದ ಮೇಲೆ ಕೂತು ಉಣ್ಣತೊಡಗಿದೆವು. ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ, ಮಗುವಿನ ಮುಖ ಒರೆಸುವ ಹಾಗೆ ಚೀಟಿಯ ಕೊಳೆ ಎತ್ತುತ್ತಿದ್ದರು. ಬಾಯಿಬಿಟ್ಟ ಮೂಲೆಗಳನ್ನು ತೆಳ್ಳನೆಯ ಗಂಜಿಯಲ್ಲಿ ಕೂಡಿಸಿ, ಒರಳುಕಲ್ಲಿನ ಗುಂಡು ಹೇರಿ ಇಡುತ್ತಿದ್ದರು. ಆ ಗುಂಡು ಬೇಕೆಂದಾಗ ನನಗೆ ಸಿಗುತ್ತಿರಲಿಲ್ಲ, ಚಟ್ನಿ ಇಲ್ಲದೆ ದೋಸೆ ತಿಂದೆವು. ಆಮೇಲೆ ಗೀರಿನ ಕೆಲಸ. ಕೂದಲೆಳೆಯಂಥ ಕುಂಚ, ಒಂದು ಬಟ್ಟಲಲ್ಲಿ ಬಣ್ಣ, ಒಂದು ಚುಕ್ಕೆ ಇಟ್ಟು ಉಸಿರು ಬಿಡುವುದು, ಮತ್ತೊಂದು ಚುಕ್ಕೆ. ಗೀರಿನ ಅಂಚು ದಾಟಿ ಒಂದು ಚುಕ್ಕೆಯೂ ಹೋಗಬಾರದು. ಅದು ಅವರ ನೇಮ. "ಗೆರಿ ಮುಚ್ಚೂದು ಬ್ಯಾರೆ, ಮಾರಿ ಬರಿಯೂದು ಬ್ಯಾರೆ. ಮಾರಿ ಬರದ್ರ ಅದು ನನ್ನ ಚಿತ್ರ ಆಗ್ತದ, ಅವರದಲ್ಲ" ಎನ್ನುತ್ತಿದ್ದರು.

ಕಟ್ಟಿನಲ್ಲಿ ಎಲ್ಲಕ್ಕಿಂತ ಹಾಳಾಗಿದ್ದವಳು ನನಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ್ದ ಈ ಗುಂಗುರು ಕೂದಲಿನ ಮೇಮ್‌ಸಾಹೇಬಳು. ಹುಬ್ಬಿನಿಂದ ಕೆನ್ನೆಯ ಮೇಲೆ ಹಾದು ತುಟಿಯವರೆಗೆ ಒಂದು ಉದ್ದ ಗೀರು. ಅವಳೊಬ್ಬಳಿಗೇ ವಾರಗಟ್ಟಲೆ ಹಿಡಿಯಿತು. ನಾನು ಬ್ಯಾಂಕಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ "ನೋಡಿಲ್ಲೆ, ಗಲ್ಲ ಮುಗೀತು" ಎಂದು ತೋರಿಸುತ್ತಿದ್ದರು. ಗಡ್ಡ ತೆಗೆದಿದ್ದರು. ಇಸ್ತ್ರಿಯ ಅಂಗಿ ಹಾಕಿಕೊಂಡು ಮನೆಯೊಳಗೇ ಕೆಲಸಕ್ಕೆ ಕೂರುತ್ತಿದ್ದರು. ನಾನು ಮೇಲೆ ಮೇಲೆ ಗೊಣಗಿದೆ, ಒಳಗೆ ಮಾತ್ರ ದೇವರೇ ಇದೊಂದು ನಡೆಯಲಿ ಎಂದು ಬೇಡಿಕೊಂಡೆ.

ನವರಾತ್ರಿಗೆ ನಮ್ಮ ಅತ್ತೆ ಬಂದರು. ಮಾವನವರಿಗೆ ಧಾರವಾಡದಲ್ಲಿ ಹೊಲಿಗೆಯ ಅಂಗಡಿ, ಹಬ್ಬದ ಹಂಗಾಮು, ಬಿಟ್ಟು ಬರಲಾರರು. ಅತ್ತೆ ಒಬ್ಬರೇ ಎರಡು ರೈಲು ಬದಲಿಸಿ, ಉಂಡಿಯ ಡಬ್ಬಿ ಹೊತ್ತುಕೊಂಡು ಬಂದಿಳಿದರು. ಮನೆಯೊಳಗೆ ಕಾಲಿಟ್ಟಾಗ ಮಗ ಮೇಜಿನ ಮುಂದೆ ಕುಂಚ ಹಿಡಿದು ಬಗ್ಗಿದ್ದ. ಅತ್ತೆ ಬಾಗಿಲಲ್ಲೇ ನಿಂತು ನೋಡಿದರು. ಕಣ್ಣು ತುಂಬಿ ಬಂತು ಅವರಿಗೆ.

"ನೌಕರಿ ಸಿಕ್ತೇನ ಅವಂಗ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಇದೊಂದು ಪಾಸಾದ್ರ ಸಿಗ್ತದ್ರಿ ಅತ್ತಿ" ಎಂದೆ.

ನಮ್ಮ ಕಡೆ ನವಮಿಯ ದಿನ ಖಂಡೇಪೂಜೆ. ಅನ್ನ ಕೊಡುವ ಸಾಮಾನು ಯಾವುದೋ ಅದಕ್ಕೆ ಅವತ್ತು ಅರಿಶಿನ, ಕುಂಕುಮ, ಹೂವು, ಆರತಿ. ಅತ್ತೆಯ ಮನೆಯಲ್ಲಿ ಹೊಲಿಗೆಯ ಮಷೀನು ದೇವರಂತೆ ಮಿರುಗುತ್ತಿತ್ತು ಆ ದಿನ. ಹುಬ್ಬಳ್ಳಿಯಲ್ಲಿದ್ದಾಗ ನಮ್ಮ ಮನೆಯಲ್ಲೂ ಪೆನ್ಸಿಲ್ಲು, ಕುಂಚಗಳಿಗೆ ಪೂಜೆ ಆಗುತ್ತಿತ್ತು. ಇಲ್ಲಿಗೆ ಬಂದ ಮೇಲೆ ಮಣೆಯ ಮೇಲೆ ನನ್ನ ಪೆನ್ನು ಮತ್ತು ಈಳಿಗೆ ಇಟ್ಟು ಮುಗಿಸಿದ್ದೆವು. ಅವರದು ಅಂತ ಇಡಲು ಏನೂ ಇರಲಿಲ್ಲ. ಅತ್ತೆಗೆ ಅದು ಗೊತ್ತಿತ್ತು, ಯಾರೂ ಹೇಳದಿದ್ದರೂ.

ಆ ನವಮಿಯ ಬೆಳಿಗ್ಗೆ ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ. ನನ್ನ ಗಂಡ ಚೆಂಡುಹೂವು, ಬೂದುಗುಂಬಳ ತರಲು ಸಂತೆಯ ಕಡೆ ಹೋಗಿದ್ದರು. ಅತ್ತೆ ಮಿಂದು, ಮಣೆ ಹಾಕಿ, ರಂಗೋಲಿ ಎಳೆದು, ಮಗನ ಕುಂಚ, ಬ್ಲೇಡು, ಭೂತಗನ್ನಡಿ ಎಲ್ಲವನ್ನೂ ಸಾಲಾಗಿ ಜೋಡಿಸಿದರು. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ವ್ಯಾಪಾರಿಗೆ ಒಯ್ಯಲೆಂದು ಚೀಟಿ ತುಂಬಿಟ್ಟಿದ್ದ ತಗಡಿನ ಡಬ್ಬಿಯನ್ನು ಮಣೆಯ ನಡುವೆ ಇಟ್ಟು ಮುಚ್ಚಳ ತೆಗೆದರು.

ನಾನು ಕೈ ಒರೆಸಿಕೊಂಡು ಹೊರಗೆ ಬಂದಾಗ ಡಬ್ಬಿಯೊಳಗಿನಿಂದ ಮೇಮ್‌ಸಾಹೇಬಳು ನನ್ನನ್ನು ನೋಡುತ್ತಿದ್ದಳು. ಹಣೆಯ ಮೇಲೆ ಕಲಸಿದ ಅರಿಶಿನದ ಬೊಟ್ಟು, ಅದರ ನಡುವೆ ದುಂಡಗೆ ಕುಂಕುಮ.

"ಅತ್ತೀ! ಏನ್ ಮಾಡಿದ್ರಿ ಇದು!"

ಅತ್ತೆ ನಗುತ್ತಾ ತಿರುಗಿದರು. "ಉಳಿದಾವಕ್ಕ ಡಬ್ಬಿ ಮ್ಯಾಲಿಂದನ ಅಕ್ಷತಿ ಹಾಕಿದೆ ಯವ್ವಾ. ಈಕಿ ಒಬ್ಬಾಕಿ ಮ್ಯಾಲಿದ್ಲು ನೋಡು. ಹಬ್ಬದ ದಿನಾ ಹೆಣ್ಮಗಳು ಬರೇ ಹಣೀಲೆ ಕೂತಿದ್ಲು. ನೋಡಾಕ ಆಗಲಿಲ್ಲ ನನಗ, ಹಚ್ಚಿಬಿಟ್ಟೆ. ಎಷ್ಟ ಛಂದ ಕಾಣ್ತಾಳ ಈಗ!"

ಅಷ್ಟರಲ್ಲಿ ಅವರು ಬಂದರು. ಕೈಯಲ್ಲಿ ಹೂವಿನ ಪೊಟ್ಟಣ, ಕಂಕುಳಲ್ಲಿ ಕುಂಬಳಕಾಯಿ. ಡಬ್ಬಿಯ ಕಡೆ ನೋಡಿದರು. ನಾನು ಬಾಯಿ ತೆರೆದೆ, ನನ್ನ ಮುಂಗೈ ಹಿಡಿದು ಒತ್ತಿದರು. ಗಟ್ಟಿಯಾಗಿ, ನೋಯುವ ಹಾಗೆ. ಕುಂಬಳಕಾಯಿ ಕೆಳಗಿಟ್ಟು, "ಅವ್ವಾ, ಆರತಿ ಆತೇನು?" ಎಂದರು.

"ನೀ ಬರ್ಲಿ ಅಂತ ಹಾದಿ ನೋಡಾಕತ್ತಿದ್ದೆ."

ಅವರು ಕಾಲು ತೊಳೆದು ಬಂದು ಆರತಿ ಮಾಡಿದರು. ಅತ್ತೆ ಕೈ ಮುಗಿದು ನಿಂತಿದ್ದರು, ಗಲ್ಲದ ಮೇಲೆ ನೀರು. ನಾನು ಗಂಟೆ ಬಾರಿಸಿದೆ. ಮೈಯೆಲ್ಲ ಉರಿಯುತ್ತಿತ್ತು.

ಹಿತ್ತಲಲ್ಲಿ ಅವರನ್ನು ಹಿಡಿದುಕೊಂಡೆ. "ಒಂದು ಮಾತು ಅನ್ನಬಾರ್ದಾ ನಿಮ್ಮ ಅವ್ವಗ? ನಿಮ್ಮ ನೌಕರೀನ ಹೋತು!"

"ಅಕಿ ಪೂಜಾ ಮಾಡ್ಯಾಳ" ಎಂದರು. "ನನ್ನ ಸಾಮಾನಕ್ಕ ಪೂಜಾ ಆಗಿ ಎಷ್ಟು ದಿವಸ ಆಗಿತ್ತು. ಏನಂತ ಬಯ್ಲಿ?"

ಊಟವಾಗಿ ಅತ್ತೆ ಮಲಗಿದ ಮೇಲೆ ಅವರು ಚೀಟಿಯನ್ನು ಮೇಜಿಗೆ ತಂದರು. ಕುಂಕುಮ ಪುಡಿಯಾಗಿದ್ದರಿಂದ ಬ್ರೆಡ್ಡಿನ ಉಂಡೆಗೆ ಎದ್ದು ಬಂತು. ಅರಿಶಿನ ಬರಲಿಲ್ಲ. ಕಾಗದ ಅದನ್ನು ಕುಡಿದುಬಿಟ್ಟಿತ್ತು. ಬಿಸಿಲಿಗಿಟ್ಟರೆ ಅರಿಶಿನ ಹಾರುತ್ತದೆ ಎಂದೆ. ತುಟಿಯ ಕೆಂಪೂ ಅದರ ಜೊತೆಗೇ ಹಾರುತ್ತದೆ ಎಂದರು. ಹಾಗಾದರೆ ಹಣೆಗೆ ಬಣ್ಣ ಬಳಿಯಿರಿ, ಯಾರಿಗೆ ಗೊತ್ತಾಗುತ್ತದೆ ಎಂದೆ. ಅವರು ಕುಂಚ ಎತ್ತಿಕೊಂಡರು, ನೋಡಿದರು, ಇಟ್ಟರು. "ಅದು ಗೆರಿ ಅಲ್ಲ" ಎಂದರು. ಆ ನೇಮವನ್ನು ಒಲೆಗೆ ಹಾಕಬೇಕು ಅನ್ನಿಸಿತು ನನಗೆ. ಗುಂಗುರು ಕೂದಲ ಕೆಳಗೆ, ಗೀರಿಲ್ಲದ ನುಣುಪು ಮುಖದಲ್ಲಿ ಹಳದಿ ಕಲೆ ಹಾಗೇ ಉಳಿಯಿತು.

ದಶಮಿಯ ಸಂಜೆ ಅತ್ತೆ ನಮ್ಮಿಬ್ಬರ ಕೈಗೂ ಬನ್ನಿ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣು" ಎಂದರು. ನಾನು ಮುಖ ಗಂಟಿಕ್ಕಿಕೊಂಡೇ ಕಾಲಿಗೆ ಬಿದ್ದೆ.

ವಿಜಯವಾಡಕ್ಕೆ ನಾನೂ ರಜೆ ಹಾಕಿ ಹೋದೆ. ಅವರೊಬ್ಬರನ್ನೇ ಕಳಿಸಲು ಮನಸ್ಸಾಗಲಿಲ್ಲ. ದಸರೆಗೆ ಬೆಟ್ಟದ ಅಮ್ಮನವರ ದರ್ಶನಕ್ಕೆ ಬಂದವರು ಇನ್ನೂ ಊರು ಖಾಲಿ ಮಾಡಿರಲಿಲ್ಲ. ಸ್ಟೇಷನ್ನಿನ ತುಂಬ ಬೋಳಿಸಿದ ತಲೆಗಳು, ಕೆಂಪು ಸೀರೆಗಳು. ವ್ಯಾಪಾರಿಯ ಅಂಗಡಿ ಹಳೆಯ ಪೇಟೆಯ ಒಂದು ಇಕ್ಕಟ್ಟಿನ ಮಹಡಿಯ ಮೇಲೆ. ಫ್ಯಾನಿನ ಕೆಳಗೆ ನಮ್ಮನ್ನು ಕೂರಿಸಿ, ಮಜ್ಜಿಗೆ ತರಿಸಿ, ಆ ಹಿರಿಯ ವ್ಯಾಪಾರಿ ಭೂತಗನ್ನಡಿ ಎತ್ತಿಕೊಂಡರು. ಒಂದೊಂದೇ ಚೀಟಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. "ಚೇಯಿ ಬಾಗುಂದಿ" ಎಂದರು. ಕೈ ಚೆನ್ನಾಗಿದೆ ಅಂತ. ಒಂದಾದ ಮೇಲೆ ಒಂದು, ಎಲ್ಲವೂ ಮೊದಲ ದರ್ಜೆಯ ತಟ್ಟೆಗೆ ಹೋದವು. ನನ್ನ ಗಂಡ ಕಣ್ಣು ಎತ್ತಲೇ ಇಲ್ಲ.

ಕೊನೆಗೆ ಮೇಮ್‌ಸಾಹೇಬಳು. ಅವರು ಭೂತಗನ್ನಡಿ ಹಿಡಿಯುವ ಮೊದಲೇ ನನ್ನ ಗಂಡ ತಮ್ಮ ಹರಕುಮುರುಕು ತೆಲುಗಿನಲ್ಲಿ ಹೇಳಿಬಿಟ್ಟರು. ಹಬ್ಬದ ದಿನ, ಅವ್ವ, ಪೂಜೆ, ಕುಂಕುಮ.

ವ್ಯಾಪಾರಿ ಕೂಡಲೇ ಚೀಟಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು. ನನಗೆ ಜೀವ ಬಂದ ಹಾಗಾಯಿತು. ಆಮೇಲೆ ಭೂತಗನ್ನಡಿಯಲ್ಲಿ ತುಂಬ ಹೊತ್ತು ನೋಡಿದರು. ಗೀರು ಎಲ್ಲಿತ್ತೆಂದು ತಮಗೇ ಕಾಣುತ್ತಿಲ್ಲ ಎಂದರು. ಹಾಗೆಂದು ಉಸಿರುಬಿಟ್ಟು ಚೀಟಿಯನ್ನು ಮೇಜಿನ ಮೇಲೆ, ಯಾವ ತಟ್ಟೆಗೂ ಹಾಕದೆ, ಇಟ್ಟರು. ಮದ್ರಾಸಿನವರು ಪೂರ್ತಿ ಕಟ್ಟು ಕೇಳಿದ್ದಾರೆ, ಒಂದು ಕಡಿಮೆಯಾದರೆ ಬೇಡ ಎನ್ನುತ್ತಾರೆ, ಹಣೆಗೆ ಕಲೆ ಇರುವವಳನ್ನು ಅವರು ಮುಟ್ಟುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಇದನ್ನು ನಾನು ಮಾರುವ ಹಾಗಿಲ್ಲ" ಎಂದರು. "ಅಮ್ಮನ ಕುಂಕುಮ ಬಿದ್ದದ್ದು, ಕಸದ ಬುಟ್ಟಿಗೆ ಹಾಕುವ ಹಾಗೂ ಇಲ್ಲ. ನೀವೇ ಇಟ್ಟುಕೊಳ್ಳಿ ಬಾಬೂ. ಕೆಲಸ ಇದ್ದರೆ ಹೇಳಿ ಕಳಿಸುತ್ತೇನೆ."

ಹೇಳಿ ಕಳಿಸುತ್ತೇನೆ ಎಂಬ ಮಾತನ್ನು ನಾವು ಎಷ್ಟು ಕಡೆ ಕೇಳಿದ್ದೆವೋ! ಅದರ ಅರ್ಥ ನಮಗೆ ಗೊತ್ತಿತ್ತು. ಅಲ್ಲಿಂದ ಮತ್ತೆ ಯಾರೂ ಹೇಳಿ ಕಳಿಸಲಿಲ್ಲ.

ವಾಪಸ್ಸು ರೈಲಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ರಾಜಮಂಡ್ರಿಯ ಸೇತುವೆ ದಾಟುವಾಗ ಬಾಯಿಬಿಟ್ಟರು. "ಅವ್ವಗ ಪಾಸಾತು ಅಂತ ಹೇಳೂದು."

"ನಾ ಹೇಳಂಗಿಲ್ಲ. ಖರೇನ ಹೇಳ್ತೇನಿ. ಅವರಿಗೂ ಗೊತ್ತಾಗ್ಲಿ."

"ನೀ ಏನೂ ಹೇಳಬ್ಯಾಡ. ಕೈ ಮುಗೀತೇನಿ" ಎಂದರು. ನಿಜವಾಗಿಯೂ ಕೈ ಮುಗಿದರು, ಆ ತುಂಬಿದ ಬೋಗಿಯಲ್ಲಿ, ಎಲ್ಲರ ಮುಂದೆ. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿದೆ.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ಏನಾತೋ?"

"ಫಸ್ಟ್ ಕ್ಲಾಸ್, ಅವ್ವಾ."

"ನೋಡಿದ್ಯಾ! ಅದಕ್ಕ ಪೂಜಾ ಮಾಡಬೇಕನ್ನೂದು!" ಎಂದು ಮಗನ ದೃಷ್ಟಿ ತೆಗೆದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಕುಕ್ಕಿದೆ.

ಅದಾದ ಮೇಲಿನ ವರ್ಷವನ್ನು ನೆನೆದರೆ ಈಗಲೂ ಮೈ ಭಾರವಾಗುತ್ತದೆ. ಕುಂಚಗಳು ಅಟ್ಟ ಸೇರಿದವು. ಊಟದ ಮೇಜು ಮತ್ತೆ ಊಟಕ್ಕೆ ಬಂತು, ಆದರೆ ಅದರ ಮೇಲೆ ಉಣ್ಣಲು ಇಬ್ಬರಿಗೂ ಮನಸ್ಸು ಬರುತ್ತಿರಲಿಲ್ಲ. ಅವರು ಮತ್ತೆ ಬೇಳೆ ಆರಿಸಿದರು. ಅತ್ತೆ ಮಾವನವರ ಕೈಯಲ್ಲಿ ಪತ್ರ ಬರೆಸಿ ಕೆಲಸ ಹೇಗೆ ನಡೆದಿದೆ ಎಂದು ಕೇಳುತ್ತಿದ್ದರು. ಛಲೋ ನಡೆದಿದೆ ಎಂದು ಇವರು ಬರೆಯುತ್ತಿದ್ದರು. ಪತ್ರವನ್ನು ಅಂಚೆ ಡಬ್ಬಕ್ಕೆ ಹಾಕುವವಳು ನಾನು. ಒಂದೆರಡು ಸಲ ಹರಿದು ಬಿಸಾಡೋಣ ಅನ್ನಿಸಿತು. ಅತ್ತೆಯ ಮೇಲೆ ನನಗಿದ್ದ ಸಿಟ್ಟು ವರ್ಷವಿಡೀ ಆರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಮತ್ತೆ ನವರಾತ್ರಿ ಬಂತು. ಅತ್ತೆಯೂ ಬಂದರು, ಅದೇ ಉಂಡಿಯ ಡಬ್ಬಿ ಹೊತ್ತುಕೊಂಡು. ನವಮಿಯ ಬೆಳಿಗ್ಗೆ ಮಣೆ ಹಾಕಿ, "ಎಲ್ಲಿ, ನಿನ್ನ ಸಾಮಾನ ತಾ" ಎಂದರು.

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವರು ಅಟ್ಟದಿಂದ ಕುಂಚ, ಬ್ಲೇಡು, ಭೂತಗನ್ನಡಿ ಇಳಿಸಿದರು. ನಾವು ಏಳುವ ಮೊದಲೇ ಧೂಳು ಒರೆಸಿಟ್ಟಿದ್ದರೆಂದು ಕಾಣುತ್ತದೆ, ಎಲ್ಲ ದಿನಾ ಬಳಸಿದ ಹಾಗಿತ್ತು.

"ಮತ್ತ ಚೀಟಿ?"

ಅವರು ಅಕ್ಕಿ ಡಬ್ಬಿಗೆ ಕೈ ಹಾಕಿ ಬೆಣ್ಣೆ ಕಾಗದದ ಪೊಟ್ಟಣ ತಂದರು. ಇದ್ದದ್ದೇ ಅದೊಂದು. ಬಿಡಿಸಿ ಮಣೆಯ ನಡುವೆ ಇಟ್ಟು, "ಉಳಿದಾವು ಕಳಿಸೇನಿ ಅವ್ವಾ. ಇದೊಂದು ಹೊಸಾದು ಬಂದದ" ಎಂದರು.

ಅತ್ತೆ ಬಗ್ಗಿ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಅರಿಶಿನದಲ್ಲಿ ಬೆರಳು ಅದ್ದಿ, ಹಳದಿ ಕಲೆಯ ಮೇಲೆಯೇ ಸರಿಯಾಗಿ ಬೊಟ್ಟು ಇಟ್ಟರು, ನಡುವೆ ಕುಂಕುಮ. "ಈ ಸಲಾನೂ ಪಾಸಾಗ್ಲಿ" ಎಂದರು. ನನ್ನ ಗಂಡ ಆರತಿ ಮಾಡಿದರು, ನಗುತ್ತಾ. ಆ ನಗು ನೋಡಲಾರದೆ ನಾನು ಒಳಗೆ ಹೋದೆ.

ಸ್ವಲ್ಪ ಹೊತ್ತಿಗೆ ಅತ್ತೆಯೂ ಒಳಗೆ ಬಂದು ತೆಂಗಿನಕಾಯಿ ತುರಿಯಲು ಕೂತರು. ತಲೆ ಎತ್ತದೆ ಕೇಳಿದರು.

"ಹೋದ ವರ್ಷದ ಹೆಣ್ಮಗಳ ಅಲ್ಲೇನ ತಂಗಿ ಅಕಿ?"

ಹೇಳಿಬಿಡಬೇಕು ಎಂದು ವರ್ಷವಿಡೀ ಕಾದಿದ್ದವಳು ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದೆ.

"ನಾ ಹಚ್ಚಿದ ಅರಿಷಿಣ ಹಾಂಗ ಅದ" ಎಂದರು ಅತ್ತೆ. "ಅದಕ್ಕ ಕೆಟ್ಟಿತಲ್ಲಾ? ನನ್ನ ಕೈಲೇ ಕೆಟ್ಟಿತು." ತುರಿಯುವ ಕೈ ನಿಂತಿತು. ಆಮೇಲೆ ನನ್ನ ಕಡೆ ತಿರುಗಿದರು. "ಅವಂಗ ಹೇಳಬ್ಯಾಡ ಯವ್ವಾ, ನನಗ ತಿಳೀತಂತ. ನಾ ನೊಂದ್ಕೊಂಡೆ ಅಂತ ಅವ ಮತ್ತ ನೊಂದ್ಕೋತಾನ."

ಒಂದು ವರ್ಷದ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಅವರ ಪಕ್ಕದಲ್ಲಿ ನೆಲಕ್ಕೆ ಕೂತು ಅವರ ಕೈಯಿಂದ ತೆಂಗಿನ ಹೋಳು ತೆಗೆದುಕೊಂಡೆ. ಇಬ್ಬರೂ ಅತ್ತೆವು, ಸದ್ದಿಲ್ಲದೆ.

"ಅವ್ವಾ, ಪ್ರಸಾದ ತಗೋ ಬಾ" ಎಂದು ಹೊರಗಿನಿಂದ ಅವರ ಕೂಗು ಕೇಳಿತು.

"ಬಂದೆಪಾ" ಎಂದು ಅತ್ತೆ ಕಣ್ಣೊರೆಸಿಕೊಂಡು ಎದ್ದರು. ಹೊರಗೆ ಹೋಗಿ ಮಣೆಯ ಮುಂದೆ ನಿಂತು, ನನಗೂ ಕೇಳುವ ಹಾಗೆ ದೊಡ್ಡ ದನಿಯಲ್ಲಿ ಹೇಳಿದರು: "ಹೋದ ವರ್ಷದ್ದಕ್ಕಿಂತ ಇದನ್ನ ಛಲೋ ಮಾಡೀಯಲ್ಲೋ!"

"ಹೌದವ್ವಾ" ಎಂದರು ನನ್ನ ಗಂಡ.